ಉಲುರುವಿಗೆ ಅಪ್ಪ ಅಮ್ಮನ ಜೊತೆ ಹೊರಟಿದ್ದೇವೆ: ಡ್ರೋನ್, ಕಲ್ಲು, ಫೋಟೋ ಬಗ್ಗೆ ಗೊತ್ತಿರುವವರು ಹೇಳಿ

ಕುಕ್ಕರಹಳ್ಳಿ (ಮೆಲ್ಬರ್ನ್)

ಎಲ್ಲರಿಗೂ ನಮಸ್ಕಾರ. ಜುಲೈ ರಜೆಯಲ್ಲಿ ಉಲುರು, ಅಂದರೆ ಆಸ್ಟ್ರೇಲಿಯಾದ ನಡುವಿನ ಮರುಭೂಮಿಯಲ್ಲಿರುವ ದೊಡ್ಡ ಕೆಂಪು ಬಂಡೆ, ನೋಡಲು ಹೊರಟಿದ್ದೇವೆ. ಅಪ್ಪ ಅಮ್ಮ ಮೈಸೂರಿನಿಂದ ಬಂದಿದ್ದಾರೆ. ಅಪ್ಪ ದಿನಾ ಕೆರೆ ಸುತ್ತುವವರು, ನಡಿಗೆಗೆ ತೊಂದರೆ ಇಲ್ಲ. ಅಮ್ಮನಿಗೆ ಮಂಡಿ ನೋವು. ಜೊತೆಗೆ ನಾವಿಬ್ಬರು, ಮಕ್ಕಳಿಬ್ಬರು. ಟಿಕೆಟ್, ರೂಮು ಎಲ್ಲ ಆಗಿದೆ. ಅದರ ಬಗ್ಗೆ ಕೇಳುತ್ತಿಲ್ಲ.

ಕೇಳಬೇಕಾಗಿರುವುದು ಬೇರೆ. ಮಗನಿಗೆ ಹುಟ್ಟುಹಬ್ಬಕ್ಕೆ ಡ್ರೋನ್ ಕೊಡಿಸಿದ್ದೇವೆ. ಅದನ್ನು ಅಲ್ಲೇ ಹಾರಿಸಬೇಕು ಎಂದು ಹಟ ಹಿಡಿದಿದ್ದಾನೆ. ಅಪ್ಪನದು ಇನ್ನೊಂದು ಕಥೆ. ಹೋದ ಕ್ಷೇತ್ರದಿಂದೆಲ್ಲ ಒಂದು ಚಿಕ್ಕ ಕಲ್ಲು ತಂದು ದೇವರ ಮನೆಯಲ್ಲಿ ಇಡುವುದು ಅವರ ಅಭ್ಯಾಸ. ನರ್ಮದೆಯದಿದೆ, ಬದರಿಯದೂ ಇದೆ. "ಅದೂ ಒಂದು ಕ್ಷೇತ್ರವೇ ಅಲ್ವಾ, ಹುಣಸೆ ಬೀಜದಷ್ಟು ಒಂದು ತಂದರೆ ಏನಾಗುತ್ತೆ" ಎನ್ನುತ್ತಾರೆ. ಕಾನೂನು ಬಿಡುವುದಿಲ್ಲ ಎಂದರೆ "ಯಾರು ನೋಡುತ್ತಾರೆ" ಎನ್ನುವ ಪೈಕಿ. ಅಮ್ಮ ಅಲ್ಲಿ ನೀರಿನ ಹತ್ತಿರ ಒಂದು ಕರ್ಪೂರ ಹಚ್ಚಿ ಕೈಮುಗಿಯಬಹುದಾ ಎಂದು ಕೇಳುತ್ತಿದ್ದಾರೆ.

ಇನ್ನು ಫೋಟೋ. ಎಲ್ಲಿ ತೆಗೆಯಬಹುದು, ಎಲ್ಲಿ ಬೇಡ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. "ಗೌರವದಿಂದ ಭೇಟಿ ಕೊಡಿ" ಎಂದು ಎಲ್ಲ ಕಡೆ ಬರೆದಿರುತ್ತದೆ. ಅಲ್ಲಿ ಕಾಲಿಟ್ಟ ಮೇಲೆ ಏನು ಮಾಡಬೇಕು, ಏನು ಬಿಡಬೇಕು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ.

ಕೆಂಪುನೆಲ (ಆಲಿಸ್ ಸ್ಪ್ರಿಂಗ್ಸ್)

ನಾನು ಆಲಿಸ್‌ನಲ್ಲಿ ನರ್ಸ್. ಊರಿನಿಂದ ಯಾರೇ ಬಂದರೂ ಉಲುರುವಿಗೆ ಕರೆದುಕೊಂಡು ಹೋಗುವ ಪಾಳಿ ನಮ್ಮದೇ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಡ್ರೋನ್ ಮನೆಯಲ್ಲೇ ಬಿಟ್ಟು ಬನ್ನಿ. ಬಂಡೆ ಇರುವ ರಾಷ್ಟ್ರೀಯ ಉದ್ಯಾನದೊಳಗೆ ಹಾರಿಸುವಂತಿಲ್ಲ. ನೆಲದಲ್ಲಿ ನಿಂತು ಫೋಟೋ ತೆಗೆಯಬೇಡಿ ಎಂದಿರುವ ಜಾಗಗಳೇ ಡ್ರೋನ್ ಕಣ್ಣಿಗೆ ಮೊದಲು ಬೀಳುವುದು.

ಕಲ್ಲಿನ ವಿಷಯ. ಕಲ್ಲು, ಮಣ್ಣು, ಗಿಡದ ಕಡ್ಡಿ, ಏನನ್ನೂ ಒಯ್ಯುವಂತಿಲ್ಲ. ಕಾನೂನು ಹೇಳಿದರೆ ಅಪ್ಪ ಕೇಳುವುದಿಲ್ಲ ಎಂದಿರಿ. ಹಾಗಾದರೆ ಇದನ್ನು ಹೇಳಿ ನೋಡಿ. ಹಿಂದೆ ಅಲ್ಲಿಂದ ಕಲ್ಲು ಒಯ್ದವರು ಎಷ್ಟೋ ವರ್ಷಗಳ ಮೇಲೆ ಅದನ್ನು ಅಂಚೆಯಲ್ಲಿ ವಾಪಸ್ ಕಳಿಸುತ್ತಾರೆ. ಬೇರೆ ಬೇರೆ ದೇಶಗಳಿಂದ ಪಾರ್ಸೆಲ್ ಬರುತ್ತದೆ. ಜೊತೆಗೆ ಪತ್ರ. ಕ್ಷಮಿಸಿ ಎಂದು ಕೆಲವರು, ಒಯ್ದ ಮೇಲೆ ಮನೆಯಲ್ಲಿ ಒಂದಾದ ಮೇಲೊಂದು ಕಷ್ಟ ಬಂತು ಎಂದು ಇನ್ನು ಕೆಲವರು. ಇವಕ್ಕೆ 'ಸಾರಿ ರಾಕ್ಸ್' ಎಂದೇ ಹೆಸರು ಬಿದ್ದಿದೆ. ಸಿಬ್ಬಂದಿಗೆ ಇದೊಂದು ತಲೆನೋವು. ಕಲ್ಲು ಎಲ್ಲಿಂದ ಎತ್ತಿದ್ದು ಎಂದು ಗೊತ್ತಿಲ್ಲದೆ ಅದರ ಜಾಗಕ್ಕೆ ಇಡುವುದು ಹೇಗೆ? ವಾಪಸ್ ಬಂದರೂ ಅದು ಮನೆ ಸೇರುವುದಿಲ್ಲ.

ಅಮ್ಮ ಕೈಮುಗಿದರೆ ಯಾರೂ ಬೇಡ ಎನ್ನುವುದಿಲ್ಲ. ಕರ್ಪೂರ, ಅಗರಬತ್ತಿ, ಕುಂಕುಮ ಮಾತ್ರ ಬೇಡ. ನೀರಿಗೆ ನಾಣ್ಯ ಹಾಕುವುದೂ ಬೇಡ, ಇಳಿಯುವುದೂ ಬೇಡ. ಆ ಮರುಭೂಮಿಯಲ್ಲಿ ಪ್ರಾಣಿ ಪಕ್ಷಿಗಳಿಗೆ ಅಂಥ ನೀರಿನ ಗುಂಡಿಗಳೇ ಆಸರೆ.

ಒಂದು ಹಿನ್ನೆಲೆ ಗೊತ್ತಿದ್ದರೆ ಉಳಿದದ್ದು ಸುಲಭ. ಆ ಜಾಗ ಸರ್ಕಾರದ್ದಲ್ಲ. 1985ರ ಅಕ್ಟೋಬರ್ 26ರಂದು ಗವರ್ನರ್ ಜನರಲ್ ನಿನಿಯನ್ ಸ್ಟೀಫನ್ ಅದರ ಹಕ್ಕುಪತ್ರವನ್ನು ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರಿಗೆ ಕೊಟ್ಟರು. ಅನಂಗು ಅದನ್ನು 99 ವರ್ಷಕ್ಕೆ ರಾಷ್ಟ್ರೀಯ ಉದ್ಯಾನಕ್ಕೆ ಗುತ್ತಿಗೆ ಕೊಟ್ಟಿದ್ದಾರೆ. ಆಡಳಿತ ಮಂಡಳಿಯ 12 ಜನರಲ್ಲಿ 8 ಜನ ಅನಂಗು. ನೀವು ಕಟ್ಟುವ ಪ್ರವೇಶ ಶುಲ್ಕದಲ್ಲಿ ಕಾಲು ಭಾಗ ಅವರಿಗೆ ಹೋಗುತ್ತದೆ. ಬೋರ್ಡಿನಲ್ಲಿ ಬರೆದಿರುವುದನ್ನು ಇಲಾಖೆಯ ಸುತ್ತೋಲೆ ಎಂದು ಓದಬೇಡಿ, ಜಾಗದ ಒಡೆಯರ ಮಾತು ಎಂದು ಓದಿ.

ಹೋದ ದಿನವೇ ಬಂಡೆಯ ಕಡೆ ಓಡಬೇಡಿ. ಮೊದಲು ಸಾಂಸ್ಕೃತಿಕ ಕೇಂದ್ರಕ್ಕೆ ಹೋಗಿ. ಮಣ್ಣಿನ ಇಟ್ಟಿಗೆಯಲ್ಲಿ 1995ರಲ್ಲಿ ಕಟ್ಟಿದ್ದು. ಒಳಗೆ ಫೋಟೋ ತೆಗೆಯುವಂತಿಲ್ಲ. ಒಂದು ಗಂಟೆ ಕೂತು ನೋಡಿದರೆ ಮುಂದೆ ಕಾಣುವುದಕ್ಕೆಲ್ಲ ಅರ್ಥ ಬರುತ್ತದೆ.

ಕೋಡಿಕಲ್ (ಸಿಡ್ನಿ)

ದೊಡ್ಡ ವಿಷಯ ಎಲ್ಲ ಅಕ್ಕ ಹೇಳಿದರು. ನಾನು ಹೊಟ್ಟೆಪಾಡಿನ ವಿಷಯ ಹೇಳುತ್ತೇನೆ ಮಾರಾಯ್ರೇ.

ಉದ್ಯಾನದ ಒಳಗೆ ಉಳಿಯುವ ಹಾಗಿಲ್ಲ. ಹೋಟೆಲು, ಕ್ಯಾಂಪ್ ಜಾಗ ಎಲ್ಲ ಹೊರಗೆ ಯುಲಾರ ಎನ್ನುವ ಊರಿನಲ್ಲಿ. ಅಲ್ಲಿಂದ ಬಂಡೆಗೆ ಸುಮಾರು 20 ಕಿ.ಮೀ., ಅದೇ ಉದ್ಯಾನದ ಕಾಟಾ ಜುಟಾ ಎನ್ನುವ ಗುಮ್ಮಟದಂಥ ಬಂಡೆಗಳ ಗುಂಪಿಗೆ ಸುಮಾರು 50. ಯುಲಾರದಲ್ಲಿ ಒಂದು ಸೂಪರ್ ಮಾರ್ಕೆಟ್ ಇದೆ. ಅಕ್ಕಿ, ಮೊಸರು, ತರಕಾರಿ ಸಿಗುತ್ತದೆ, ರೇಟು ಮಾತ್ರ ಕೇಳಬೇಡಿ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಂಡು ಹೋಗಿ. ಜುಲೈಯಲ್ಲಿ ಹಗಲು ಹಿತ, ರಾತ್ರಿ ಸೊನ್ನೆಗಿಂತ ಕೆಳಗೂ ಇಳಿಯುತ್ತದೆ. ಸೂರ್ಯೋದಯ ನೋಡಲು ಹೋದಾಗ ಹಲ್ಲು ಕಟಕಟ. ಅಮ್ಮನಿಗೆ ಸ್ವೆಟರ್, ಮಫ್ಲರ್ ಎರಡೂ ಇರಲಿ.

ಆಲಿಸ್‌ನಿಂದ ಕಾರಿನಲ್ಲಿ ಬರುವವರಿಗೆ ಸುಮಾರು 460 ಕಿ.ಮೀ. ಕತ್ತಲಾದ ಮೇಲೆ ಓಡಿಸಬೇಡಿ. ಕಾಂಗರೂ ಮಾತ್ರ ಅಲ್ಲ, ಒಂಟೆ, ದನ ಎಲ್ಲ ರಸ್ತೆಗೆ ಬರುತ್ತವೆ. ದಾರಿಯಲ್ಲಿ ಎಡಗಡೆ ಮೇಜಿನ ಹಾಗೆ ಚಪ್ಪಟೆ ತಲೆಯ ದೊಡ್ಡ ಗುಡ್ಡ ಕಾಣುತ್ತದೆ. ಬಂತು ಬಂತು ಎಂದು ಎಲ್ಲರೂ ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಅದು ಮೌಂಟ್ ಕಾನರ್. ಉಲುರು ಇನ್ನೂ ದೂರ.

ಬೆಣ್ಣೆದೋಸೆ (ಪರ್ತ್)

ಎಲ್ಲರೂ ಒಂದೇ ರಾಗ ಹಾಡುತ್ತಿದ್ದೀರಿ, ನಾನು ಸ್ವಲ್ಪ ಅಪಸ್ವರ ಎತ್ತುತ್ತೇನೆ. ಬೈಬೇಡಿ.

ಒಂದು ಬಂಡೆ ಕೋಟಿಗಟ್ಟಲೆ ವರ್ಷದಿಂದ ಇದೆ. ಅದು ಹೇಗೆ ಒಂದು ಗುಂಪಿನ ಸ್ವತ್ತಾಗುತ್ತದೆ? ಹತ್ತುವುದನ್ನು 2019ರಲ್ಲಿ ನಿಲ್ಲಿಸಿದರು. ಹತ್ತಲು ಶಕ್ತಿ ಇರುವವರು ಹತ್ತಲಿ, ಬೇಡದವರು ಕೆಳಗೆ ಇರಲಿ ಎಂದರೆ ಏನು ತಪ್ಪು? ಇನ್ನೊಂದು, ಡ್ರೋನ್ ಬೇಡ ಅಂತೀರಿ. ಯುಲಾರದಲ್ಲಿ ರಾತ್ರಿ ಸಾವಿರಕ್ಕೂ ಹೆಚ್ಚು ಡ್ರೋನ್ ಹಾರಿಸಿ ಶೋ ಮಾಡುತ್ತಾರಲ್ಲ, ಅದಕ್ಕೆ ಒಳ್ಳೆ ದುಡ್ಡೂ ತಗೊಳ್ಳುತ್ತಾರೆ. ದುಡ್ಡು ಕೊಟ್ಟರೆ ಸರಿ, ಹುಡುಗ ಹಾರಿಸಿದರೆ ತಪ್ಪಾ?

ಕೆಂಪುನೆಲ (ಆಲಿಸ್ ಸ್ಪ್ರಿಂಗ್ಸ್)

ಬೆಣ್ಣೆದೋಸೆ ಅವರೇ, ಯಾಕೆ ಬೈಯಲಿ? ಎಲ್ಲರ ಮನಸ್ಸಿನಲ್ಲಿ ಇರುವ ಪ್ರಶ್ನೆಯೇ ಕೇಳಿದ್ದೀರಿ.

ಹತ್ತುವುದನ್ನು ರಾತ್ರೋರಾತ್ರಿ ನಿಲ್ಲಿಸಲಿಲ್ಲ. 1983ರಲ್ಲಿ ಪ್ರಧಾನಿ ಬಾಬ್ ಹಾಕ್ ಜಾಗ ವಾಪಸ್ ಕೊಡುವುದಾಗಿ ಹೇಳಿದಾಗ, ಹತ್ತುವುದನ್ನು ನಿಲ್ಲಿಸುತ್ತೇವೆ ಎನ್ನುವ ಮಾತೂ ಅದರಲ್ಲಿ ಇತ್ತು. 1985ಕ್ಕೆ ಬರುವಷ್ಟರಲ್ಲಿ ಆ ಮಾತು ಹೋಯಿತು. ಹತ್ತಲು ಬಿಡಬೇಕು ಎಂದರು. 50 ವರ್ಷ ಎಂದಿದ್ದ ಗುತ್ತಿಗೆ 99 ಆಯಿತು. ಜಾಗ ಬೇಕಾದರೆ ಅನಂಗು ಒಪ್ಪಬೇಕಿತ್ತು, ಒಪ್ಪಿದರು. ಆಮೇಲೆ ಬಂಡೆಯ ಬುಡದಲ್ಲಿ "ನಾವು ಹತ್ತುವುದಿಲ್ಲ, ನೀವೂ ಹತ್ತಬೇಡಿ ಎಂದು ಕೇಳಿಕೊಳ್ಳುತ್ತೇವೆ" ಎಂಬ ಅರ್ಥದ ಬೋರ್ಡು ಇತ್ತು. ಜನ ಅದರ ಪಕ್ಕದಲ್ಲೇ ಸಾಲು ನಿಂತು ಹತ್ತುತ್ತಿದ್ದರು.

ಉದ್ಯಾನದ 2010ರ ಆಡಳಿತ ಯೋಜನೆಯಲ್ಲಿ ಒಂದು ಷರತ್ತು ಬರೆದರು. ಬರುವವರಲ್ಲಿ ಹತ್ತುವವರು ಶೇಕಡಾ 20ಕ್ಕಿಂತ ಕಡಿಮೆ ಆದರೆ ನಿಲ್ಲಿಸುವ ಯೋಚನೆ ಮಾಡಬಹುದು ಎಂದು. ಸಂಖ್ಯೆ ಅದಕ್ಕಿಂತ ಕೆಳಗೆ ಇಳಿಯಿತು. 2017ರ ನವೆಂಬರಿನಲ್ಲಿ ಮಂಡಳಿ ಒಮ್ಮತದಿಂದ ತೀರ್ಮಾನ ಮಾಡಿತು. ಆಗ ಅಧ್ಯಕ್ಷರಾಗಿದ್ದ ಸ್ಯಾಮಿ ವಿಲ್ಸನ್ ಇದು ಡಿಸ್ನಿಲ್ಯಾಂಡ್ ತರಹದ ಆಟದ ಜಾಗ ಅಲ್ಲ ಎಂದಿದ್ದರು. 2019ರ ಅಕ್ಟೋಬರ್ 26ಕ್ಕೆ, ಅಂದರೆ ಹಕ್ಕುಪತ್ರ ಸಿಕ್ಕಿ 34 ವರ್ಷ ತುಂಬಿದ ದಿನಕ್ಕೆ, ನಿಷೇಧ ಜಾರಿಗೆ ಬಂತು. ಎರಡು ವರ್ಷ ಮುಂಚೆಯೇ ಹೇಳಿದ್ದರು ಎನ್ನುವುದನ್ನು ಗಮನಿಸಿ.

"ಹತ್ತುವವರು ಹತ್ತಲಿ" ಎನ್ನುವುದಕ್ಕೆ ಇನ್ನೊಂದು ಮಾತು. ಅಲ್ಲಿ ಹತ್ತಲು ಹೋಗಿ ಸತ್ತವರು 37 ಜನ. ತಮ್ಮ ನೆಲಕ್ಕೆ ಬಂದವರು ಸತ್ತರೆ ಅದರ ಹೊಣೆ ತಮ್ಮದು ಎಂದು ಅನಂಗು ನೋಡುತ್ತಾರೆ, ಅದಕ್ಕೆ ದುಃಖ ಪಡುತ್ತಾರೆ. ಅವರ ಮನಸ್ಸಿಗೆ ಭಾರ ಹಾಕಿ ನಮ್ಮ ಸ್ವಾತಂತ್ರ್ಯ ತೀರಿಸಿಕೊಳ್ಳುವುದು ಅಂದರೆ ಹೇಗೆ? ಮೇಲೆ ಶೌಚಾಲಯ ಇಲ್ಲ. ಮೇಲಿನ ಹೊಲಸೆಲ್ಲ ಮಳೆ ಬಂದಾಗ ಕೆಳಗಿನ ನೀರಿನ ಗುಂಡಿಗೆ. ಇದನ್ನು ಯಾರೂ ಪೋಸ್ಟ್‌ಕಾರ್ಡಿನಲ್ಲಿ ಹಾಕಲಿಲ್ಲ.

ಡ್ರೋನ್ ಶೋ ವಿಷಯಕ್ಕೆ ಬರೋಣ. ಅದರ ಹೆಸರು ವಿಂಜಿರಿ ವಿರು, 2023ರಲ್ಲಿ ಶುರುವಾಯಿತು. ನಡೆಯುವುದು ಉದ್ಯಾನದ ಹೊರಗೆ. ಮಾಲಾ ಎನ್ನುವ ತಮ್ಮ ಪೂರ್ವಜರ ಕಥೆಯಲ್ಲಿ ಹೊರಗಿನವರಿಗೆ ಹೇಳಬಹುದಾದಷ್ಟನ್ನು ಅನಂಗು ಹಿರಿಯರು ಕೂತು ಆರಿಸಿ ಕೊಟ್ಟಿದ್ದಾರೆ. ಯಾವ ಕಥೆ, ಎಷ್ಟು, ಎಲ್ಲಿಂದ ಎನ್ನುವುದನ್ನು ಅವರೇ ತೀರ್ಮಾನಿಸಿದ್ದಾರೆ. ಟಿಕೆಟ್ ದುಬಾರಿ ಎನ್ನುವುದು ನಿಜ, ಅದರಲ್ಲಿ ನಿಮ್ಮ ಜೊತೆ ನಾನೂ ಇದ್ದೇನೆ.

ಬೆಣ್ಣೆದೋಸೆ (ಪರ್ತ್)

1983ರ ಮಾತು ಗೊತ್ತಿರಲಿಲ್ಲ. ಮಾತು ಕೊಟ್ಟು ತಪ್ಪಿದ್ದು ಸರಿಯಲ್ಲ, ಒಪ್ಪಿದೆ. ಹತ್ತುವುದು ಬಿಡಿ. ಫೋಟೋ ಮಾತ್ರ ನನಗೆ ಇನ್ನೂ ಗಂಟಲಲ್ಲಿ ಇಳಿಯುತ್ತಿಲ್ಲ. ಎಲ್ಲರ ಕಣ್ಣಿಗೂ ಕಾಣುವ ಬಂಡೆ. ಕಣ್ಣಲ್ಲಿ ನೋಡಬಹುದು, ಕ್ಯಾಮೆರಾದಲ್ಲಿ ಬೇಡ ಎಂದರೆ?

ಲೆನ್ಸ್ ಲಕ್ಕಪ್ಪ (ಅಡಿಲೇಡ್)

ಫೋಟೋ ನನ್ನ ಹುಚ್ಚು, ಹಾಗಾಗಿ ಇದಕ್ಕೆ ನಾನು ಉತ್ತರ ಕೊಡುತ್ತೇನೆ.

ಮೊದಲು ಗಾಬರಿ ಬಿಡಿ. ಸೂರ್ಯೋದಯ, ಸೂರ್ಯಾಸ್ತ ನೋಡಲು ಮಾಡಿರುವ ಜಾಗಗಳಿಂದ ಎಷ್ಟು ಬೇಕಾದರೂ ತೆಗೆಯಿರಿ. ಬಂಡೆಯ ಬುಡದ ಮಾಲಾ, ಕುನಿಯ ಎನ್ನುವ ಕಾಲುದಾರಿಗಳಲ್ಲಿ ಬಹುತೇಕ ಕಡೆ ಅಡ್ಡಿ ಇಲ್ಲ. ಬಂಡೆಯನ್ನು ಪೂರ್ತಿ ಸುತ್ತುವ 10.6 ಕಿ.ಮೀ. ದಾರಿಯಲ್ಲಿ ಕೆಲವು ಭಾಗ ಬರುತ್ತದೆ, ಅಲ್ಲಿ ಬೋರ್ಡು ಇದೆ: ಇಲ್ಲಿಂದ ಇಲ್ಲಿಯವರೆಗೆ ಬೇಡ. ಅಷ್ಟೇ. ಆ ಬೋರ್ಡು ಕಂಡ ತಕ್ಷಣ ನಾನು ಲೆನ್ಸಿಗೆ ಮುಚ್ಚಳ ಹಾಕಿ ಕ್ಯಾಮೆರಾ ಬ್ಯಾಗಿಗೆ ಇಡುತ್ತೇನೆ. ಕೈಯಲ್ಲಿದ್ದರೆ ಕೈ ಸುಮ್ನೆ ಇರುವುದಿಲ್ಲ. ದೂರದ ಲೆನ್ಸ್ ಹಾಕಿ ಆಚೆ ನಿಂತು ತೆಗೆಯುವ ಜಾಣತನವೂ ಬೇಡ.

ನಮ್ಮವರಿಗೆ ಬಿಡಿಸಿ ಹೇಳುವುದಾದರೆ, ಗರ್ಭಗುಡಿಯ ಎದುರು ಫೋಟೋ ತೆಗೆಯಬೇಡಿ ಎಂದರೆ ನಾವು ಕಾರಣ ಕೇಳುವುದಿಲ್ಲ ಅಲ್ವಾ. ಹಾಗೆಯೇ ಅಂದುಕೊಳ್ಳಿ.

ಹಣಕ್ಕೆ ಬಳಸುವ ಫೋಟೋ, ವೀಡಿಯೋ ಆದರೆ ಮುಂಚೆಯೇ ಪರವಾನಗಿ ತೆಗೆದುಕೊಳ್ಳಬೇಕು. ಯೂಟ್ಯೂಬ್ ಚಾನೆಲ್ ಇರುವವರು ಇದನ್ನು ಎರಡು ಸಲ ಓದಿ.

ಕೆಂಪುನೆಲ (ಆಲಿಸ್ ಸ್ಪ್ರಿಂಗ್ಸ್)

ಲಕ್ಕಪ್ಪನವರೇ, ಗರ್ಭಗುಡಿ ಎಂದರೆ ನಮ್ಮವರಿಗೆ ಬೇಗ ಅರ್ಥವಾಗುತ್ತದೆ, ಸರಿ. ಆದರೆ ಅಲ್ಲಿಗೇ ನಿಲ್ಲಿಸಬಾರದು. ಅಲ್ಲಿ ಪೂಜೆ, ದರ್ಶನ ಎನ್ನುವುದಿಲ್ಲ. ಜುಕುರ್ಪ ಎನ್ನುವುದು ಅವರಿಗೆ ಸೃಷ್ಟಿಯ ಕಥೆ, ಕಾನೂನು, ನೆಂಟಸ್ತಿಕೆಯ ಕಟ್ಟು, ನೀರು ಎಲ್ಲಿ ಸಿಗುತ್ತದೆ ಎನ್ನುವ ತಿಳಿವಳಿಕೆ ಎಲ್ಲ ಸೇರಿದ್ದು. ಬಂಡೆಯ ಒಂದೊಂದು ಬಿರುಕು, ಗುಹೆ ಆ ಕಥೆಯ ಒಂದೊಂದು ಭಾಗ. ಕೆಲವು ಗಂಡಸರಿಗೆ ಮಾತ್ರ, ಕೆಲವು ಹೆಂಗಸರಿಗೆ ಮಾತ್ರ. ಅದನ್ನು ಆ ಜಾಗದಲ್ಲೇ, ತಕ್ಕ ವಯಸ್ಸಿಗೆ, ತಕ್ಕವರಿಂದ ಕಲಿಯಬೇಕು. ನೀವು ನಡೆದು ಹೋಗುವಾಗ ನೋಡುವುದಕ್ಕೆ ತಕರಾರಿಲ್ಲ. ಫೋಟೋ ಆದರೆ ಊರೂರು ತಿರುಗುತ್ತದೆ, ನೋಡಬಾರದವರ ಮೊಬೈಲಿಗೂ ಹೋಗುತ್ತದೆ. ಬೆಣ್ಣೆದೋಸೆ ಅವರ ಪ್ರಶ್ನೆಗೆ ಉತ್ತರ ಇದು.

ಇನ್ನೊಂದು ಕಿವಿಮಾತು. ಅದು ಶಿವಲಿಂಗವೇ, ನಮ್ಮ ಪುರಾಣದಲ್ಲೇ ಇದೆ ಎಂದು ನಮ್ಮವರಲ್ಲಿ ಕೆಲವರು ಶುರು ಮಾಡುತ್ತಾರೆ. ಭಕ್ತಿಯಿಂದಲೇ ಹೇಳುವುದು, ನನಗೆ ಗೊತ್ತು. ಆದರೆ 1873ರಲ್ಲಿ ಗಾಸ್ ಎನ್ನುವ ಬಿಳಿಯ ಬಂದು ಅದಕ್ಕೆ 'ಏರ್ಸ್ ರಾಕ್' ಎಂದು ಯಾವನೋ ರಾಜಕಾರಣಿಯ ಹೆಸರಿಟ್ಟ. ಆ ಹೆಸರನ್ನು ಹಿಂದೆ ಸರಿಸಿ ಉಲುರು ಎಂಬುದನ್ನು ಮೊದಲಿಗೆ ತರಲು 2002ರವರೆಗೆ ಕಾಯಬೇಕಾಯಿತು. ಈಗ ನಾವು ಹೋಗಿ ಮೂರನೇ ಹೆಸರಿಡುವುದು ಬೇಡ.

ಕುಕ್ಕರಹಳ್ಳಿ (ಮೆಲ್ಬರ್ನ್)

ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಕಾನೂನು, ದಂಡ ಎಲ್ಲ ಕೇಳಿ ಸುಮ್ಮನಿದ್ದರು. ಅಂಚೆಯಲ್ಲಿ ಕಲ್ಲು ವಾಪಸ್ ಬರುವ ಕಥೆಗೆ ಮಾತ್ರ ಕನ್ನಡಕ ತೆಗೆದು ಕೂತರು. "ಎಲ್ಲಿಂದ ಎತ್ತಿದ್ದು ಅಂತ ಗೊತ್ತಾಗದೆ ಬಿದ್ದಿರುತ್ತವಾ?" ಎಂದು ಎರಡು ಸಲ ಕೇಳಿದರು. ಕಲ್ಲಿನ ಮಾತು ಅಲ್ಲಿಗೆ ನಿಂತಿದೆ. ಮಗ ಮುಖ ಊದಿಸಿಕೊಂಡಿದ್ದಾನೆ. ಡ್ರೋನ್ ಶೋ ತೋರಿಸಿ ಸಮಾಧಾನ ಮಾಡಬೇಕು, ಜೇಬಿಗೆ ಬರೆ.

ಇನ್ನೊಂದು ಪ್ರಶ್ನೆ. ನೆನಪಿಗೆ ಏನಾದರೂ ಕೊಳ್ಳಬೇಕು ಎಂದರೆ ಎಲ್ಲಿ? ಮೆಲ್ಬರ್ನ್ ಮಾರುಕಟ್ಟೆಯಲ್ಲಿ ಚುಕ್ಕಿ ಚಿತ್ರದ ಬೂಮರಾಂಗ್ ಗುಡ್ಡೆ ಹಾಕಿ ಮಾರುತ್ತಾರೆ. ಅವು ಅಸಲಿಯಾ?

ಸುಗ್ಗಿ (ಕ್ಯಾನ್‌ಬೆರಾ)

ಗುಡ್ಡೆ ಹಾಕಿ ಮಾರುವುದರಲ್ಲಿ ನಕಲಿಯೇ ಜಾಸ್ತಿ. ಮೂಲನಿವಾಸಿ ಶೈಲಿಯ ಸ್ಮರಣಿಕೆಗೆ ಜನ ಖರ್ಚು ಮಾಡುವ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ನಕಲಿಗೇ ಹೋಗುತ್ತದೆ ಎಂದು ಇಲ್ಲಿನ ಸರ್ಕಾರದ ಸಲಹಾ ಸಂಸ್ಥೆ ಪ್ರೊಡಕ್ಟಿವಿಟಿ ಕಮಿಷನ್ 2022ರಲ್ಲಿ ವರದಿ ಕೊಟ್ಟಿತು. ಇಂಡೋನೇಷ್ಯಾದಲ್ಲಿ ಮಾಡಿಸಿ ಇಲ್ಲಿನ ಕಲೆ ಎಂದು ಮಾರಿದ ಒಂದು ಕಂಪನಿಗೆ 2019ರಲ್ಲಿ ಫೆಡರಲ್ ಕೋರ್ಟ್ 23 ಲಕ್ಷ ಡಾಲರ್ ದಂಡ ಹಾಕಿತ್ತು.

ಉಲುರುವಿನಲ್ಲಿ ಮರುಕು ಆರ್ಟ್ಸ್ ಇದೆ, ಅನಂಗು ಕಲಾವಿದರದೇ ಸಂಸ್ಥೆ. ಅಲ್ಲಿ ಪುನು ಎನ್ನುವ ಮರದ ಕೆತ್ತನೆ ನೋಡಿ. ಹಲ್ಲಿ, ಹಾವು, ಮರದ ಬೋಗುಣಿ. ಕೆಂಡದಲ್ಲಿ ತಂತಿಯನ್ನು ಕೆಂಪಗೆ ಕಾಯಿಸಿ ಮರದ ಮೇಲೆ ಎಳೆಯುತ್ತಾರೆ, ಚುರ್ ಎಂದು ಹೊಗೆ ಬಂದು ಕಪ್ಪು ಗೆರೆ ಮೂಡುತ್ತದೆ. ಕೈಗೆತ್ತಿಕೊಂಡು ಮೂಗಿನ ಹತ್ತಿರ ಹಿಡಿದರೆ ಸುಟ್ಟ ಮರದ ವಾಸನೆ ಇನ್ನೂ ಇರುತ್ತದೆ. ಕೊಳ್ಳುವಾಗ ಮಾಡಿದವರು ಯಾರು, ಯಾವ ಊರಿನವರು ಎಂದು ಕೇಳಿ. ಅಸಲಿ ಅಂಗಡಿಯವರಿಗೆ ಉತ್ತರ ಗೊತ್ತಿರುತ್ತದೆ. ಚೌಕಾಸಿ ಮಾಡಬೇಡಿ, ಅದು ನಮ್ಮ ಸಂತೆ ಅಲ್ಲ. ಚುಕ್ಕಿ ಚಿತ್ರ ಕಲಿಸುವ ತರಗತಿಯನ್ನೂ ಅವರು ನಡೆಸುತ್ತಾರೆ. ಮಗಳನ್ನು ಕೂರಿಸಿ, ಖುಷಿ ಪಡುತ್ತಾಳೆ.

ಕಲಾವಿದರ, ಮಕ್ಕಳ ಫೋಟೋ ಕೇಳದೆ ತೆಗೆಯಬೇಡಿ. ಬಂಡೆಯ ಪಕ್ಕದಲ್ಲೇ ಮುಟಿಜುಲು ಎನ್ನುವ ಊರಿದೆ. ಕುನಿಯ ದಾರಿಯ ಕೊನೆಯಲ್ಲಿರುವ ಕೊಳಕ್ಕೂ ಅದೇ ಹೆಸರು, ಹಾಗಾಗಿ ಮ್ಯಾಪ್ ನೋಡಿಕೊಂಡು ಊರಿನ ದಾರಿ ಹಿಡಿದೀರಿ, ಜೋಕೆ. ಅದು ಜನ ಸಂಸಾರ ಮಾಡಿಕೊಂಡಿರುವ ಊರು. ಪರವಾನಗಿ ಇಲ್ಲದೆ ಹೋಗುವಂತಿಲ್ಲ.

ಮಾವಿನತೋಪು (ಡಾರ್ವಿನ್)

ಈ ಚರ್ಚೆ ಉಲುರು ಬಗ್ಗೆ, ಆದರೆ ಉತ್ತರಕ್ಕೆ ಕಾಕಡು ರಾಷ್ಟ್ರೀಯ ಉದ್ಯಾನ ನೋಡಲು ಬರುವವರಿಗೂ ಇದೇ ಮಾತು. ಅಲ್ಲಿನ ಉಬಿರ್ ಬಂಡೆಗಳ ಮೇಲೆ ಮೂಲನಿವಾಸಿಗಳು ಬರೆದ ಚಿತ್ರ ಮುಟ್ಟಬೇಡಿ, ಕೈಯ ಎಣ್ಣೆ, ಬೆವರು ಬಣ್ಣಕ್ಕೆ ಕೇಡು. ಮೀನಿನ ಚಿತ್ರದಲ್ಲಿ ಒಳಗಿನ ಮುಳ್ಳು, ಕರುಳು ಕೂಡ ಬರೆದಿರುತ್ತಾರೆ, ಎಕ್ಸ್‌ರೇ ತರಹ. ನಿಧಾನ ನೋಡಿ.

ನಿಯಮ ಪ್ರವಾಸಿಗರಿಗೆ ಮಾತ್ರ ಎಂದುಕೊಳ್ಳಬೇಡಿ. ಕಾಕಡುವಿನ ಗುನ್ಲೋಮ್ ಜಲಪಾತದ ಹತ್ತಿರ ಉದ್ಯಾನದವರೇ ಪವಿತ್ರ ಸ್ಥಳದ ಪಕ್ಕ, ಬೇಕಾದ ಪ್ರಮಾಣಪತ್ರ ಇಲ್ಲದೆ ಕಾಲುದಾರಿ ಮಾಡಿದರು. ಆ ನೆಲದ ಮೂಲನಿವಾಸಿಗಳಾದ ಜಾವೊಯಿನ್ ಜನರಿಗೆ ನೋವಾಯಿತು. 2019ರಲ್ಲಿ ಅಲ್ಲಿಗೆ ಪ್ರವೇಶ ಮುಚ್ಚಿತು. ಪವಿತ್ರ ಸ್ಥಳಗಳನ್ನು ಕಾಯುವ ಪ್ರಾಧಿಕಾರ ಕೇಸು ಹಾಕಿತು. ಆ ಕಾನೂನು ಉದ್ಯಾನದವರಿಗೂ ಅನ್ವಯಿಸುತ್ತದಾ ಎಂದು ವಾದ ನಡೆದು, 2024ರಲ್ಲಿ ಹೈಕೋರ್ಟ್, ಅಂದರೆ ಇಲ್ಲಿನ ಸರ್ವೋಚ್ಚ ನ್ಯಾಯಾಲಯ, ಅನ್ವಯಿಸುತ್ತದೆ ಎಂದಿತು. ಮುಚ್ಚಿದ್ದಾಗ "ದುಡ್ಡು ಕೊಟ್ಟು ಬಂದಿದ್ದೇವೆ" ಎಂದು ಗೊಣಗಿದವರನ್ನು ನಾನೇ ನೋಡಿದ್ದೇನೆ. ಎಲ್ಲಿಗೇ ಹೋಗುವುದಿದ್ದರೂ ಹೊರಡುವ ಮುಂಚೆ ಏನು ತೆರೆದಿದೆ ಎಂದು ನೋಡಿ. ಮುಚ್ಚಿದ್ದರೆ ಬೇಲಿಯ ಸಂದಿ ಹುಡುಕಬೇಡಿ.

ಬಿಳಿಗಿರಿ (ಚಾಮರಾಜನಗರ)

ಆಸ್ಟ್ರೇಲಿಯಾಗೆ ಹೋಗಿ ಇಷ್ಟೆಲ್ಲ ಕಲಿಯುವವರು ಊರಿಗೆ ಬಂದಾಗ ನಮ್ಮ ಬಿಆರ್ ಹಿಲ್ಸ್ ಕಡೆಯೂ ಇದೇ ಕಣ್ಣಲ್ಲಿ ನೋಡಿ ಸ್ವಾಮಿ. ದೊಡ್ಡ ಸಂಪಿಗೆ ಮರ ಸೋಲಿಗರಿಗೆ ದೇವರು. ಸೋಲಿಗರ ಅರಣ್ಯ ಹಕ್ಕನ್ನು 2011ರಲ್ಲಿ ಒಪ್ಪಿದ್ದಾರೆ, ಅದೂ ಹುಲಿ ಸಂರಕ್ಷಿತ ಪ್ರದೇಶದ ಒಳಗೆ. ಸಫಾರಿ ಜೀಪಿನಲ್ಲಿ ಹೋಗುವ ಎಷ್ಟು ಜನರಿಗೆ ಇದು ಗೊತ್ತು?

ನಿರ್ವಾಹಕ

ಬಿಳಿಗಿರಿ ಅವರೇ, ಒಳ್ಳೆಯ ವಿಷಯ. ದಯವಿಟ್ಟು ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಮುಳುಗಿ ಹೋಗುತ್ತದೆ.

ಕುಕ್ಕರಹಳ್ಳಿ (ಮೆಲ್ಬರ್ನ್)

ಹೋಗಿ ಬಂದೆವು. ಉಪಯೋಗಕ್ಕೆ ಬರುವಷ್ಟು ಮಾತ್ರ ಬರೆಯುತ್ತೇನೆ.

ಅಮ್ಮನಿಗೆ ಕುನಿಯ ದಾರಿ ಸಾಕಾಯಿತು. ಹೋಗಿ ಬರಲು 1 ಕಿ.ಮೀ., ಸಮತಟ್ಟು, ಗಾಲಿಕುರ್ಚಿಯೂ ಹೋಗುತ್ತದೆ. ಕೊನೆಯಲ್ಲಿ ಮುಟಿಜುಲು ಕೊಳ. ಅಲ್ಲಿಯ ಕಥೆ ಬೋರ್ಡಿನಲ್ಲೇ ಇದೆ. ಕುನಿಯ ಎನ್ನುವ ಹೆಬ್ಬಾವಿನ ಹೆಣ್ಣು ತನ್ನ ಅಳಿಯನಿಗಾಗಿ, ಅಂದರೆ ಅಣ್ಣನದೋ ತಂಗಿಯದೋ ಮಗನಿಗಾಗಿ, ಲಿರು ಎನ್ನುವ ವಿಷದ ಹಾವಿನ ಗಂಡಸಿನ ಜೊತೆ ಹೊಡೆದಾಡಿದ ಕಥೆ. ಅವಳು ಹೊಡೆದ ಏಟಿನ ಗುರುತು ಬಂಡೆಯಲ್ಲಿ ಉದ್ದಕ್ಕೆ ಸೀಳಿದ ಹಾಗೆ ಕಾಣುತ್ತದೆ. ಮಗಳು ಬೋರ್ಡು ಓದಿ ಅಜ್ಜಿಗೆ ತೋರಿಸಿದಳು. ಅಜ್ಜಿ ಕೈಮುಗಿದರು, ಕರ್ಪೂರ ರೂಮಿನಲ್ಲೇ ಇತ್ತು.

ಅಪ್ಪ, ನಾನು, ಮಗ ಪೂರ್ತಿ ಸುತ್ತಿದೆವು. ದೂರದಿಂದ ನುಣ್ಣಗೆ ಕಾಣುವ ಬಂಡೆ ಹತ್ತಿರ ಹೋದರೆ ಹೆಕ್ಕಳಿಕೆ ಎದ್ದ ಹಾಗೆ, ಕೈಗೆ ಒರಟು. ಹಿಂದೆ ಜನ ಹತ್ತುತ್ತಿದ್ದ ಕಡೆ ಬಿಳಚಿಕೊಂಡ ಒಂದು ಗೆರೆ ಕೆಳಗಿನಿಂದ ಮೇಲಿನವರೆಗೆ ಹೋಗಿದೆ. ಹಿಡಿದುಕೊಳ್ಳಲು ಹಾಕಿದ್ದ ಸರಪಳಿ ಕಿತ್ತಿದ್ದಾರೆ, ಕಾಲು ಸವೆಸಿದ ಗುರುತು ಹೋಗಿಲ್ಲ. ಮಗ ಅದನ್ನೇ ಜಾಸ್ತಿ ಹೊತ್ತು ನೋಡಿದ. ಫೋಟೋ ಬೇಡ ಎನ್ನುವ ಕಡೆ ನಮ್ಮ ಮುಂದಿದ್ದ ಒಂದು ಗುಂಪು ಆರಾಮಾಗಿ ಸೆಲ್ಫಿ ತೆಗೆಯುತ್ತಿತ್ತು. ನಾನು ಸುಮ್ಮನಿರುತ್ತಿದ್ದೆ. ಅಪ್ಪನೇ ಹೋಗಿ ಬೋರ್ಡಿನ ಮೇಲೆ ಬೆರಳಿಟ್ಟು, ತಮ್ಮ ಮೈಸೂರು ಇಂಗ್ಲಿಷಿನಲ್ಲಿ "ನಾಟ್ ಹಿಯರ್, ಪ್ಲೀಸ್" ಎಂದರು.

ಮಾರ್ಗದರ್ಶಕಿ ಒಬ್ಬರ ಜೊತೆ ಮಾಲಾ ದಾರಿಯಲ್ಲಿ ನಡೆದೆವು. ಒಂದು ಗುಹೆಯ ಬಗ್ಗೆ ಮಗ ಕೇಳಿದಾಗ "ಅದು ನಾನು ಹೇಳುವ ಕಥೆ ಅಲ್ಲ" ಎಂದು ಮುಂದೆ ಹೋದರು. ಅವನು ಇನ್ನೊಮ್ಮೆ ಕೇಳಲು ಬಾಯಿ ತೆರೆದ, ಅಜ್ಜ ಭುಜ ಹಿಡಿದರು. ಮರುಕುದಲ್ಲಿ ಅಪ್ಪ ಒಂದು ಮರದ ಹಲ್ಲಿ ಕೊಂಡರು. ದೇವರ ಮನೆಯಲ್ಲಿ ಇಡಬೇಕೋ ಶೋಕೇಸಿನಲ್ಲೋ ಎಂದು ಅಪ್ಪ ಅಮ್ಮನ ನಡುವೆ ಇನ್ನೂ ಮಾತುಕತೆ ನಡೆದಿದೆ.

ಕಾಟಾ ಜುಟಾದ ವಲ್ಪ ಕಣಿವೆಗೂ ಹೋಗಿದ್ದೆವು. ಅಲ್ಲಿ ಯಾಕೆ ಕಥೆಯ ಬೋರ್ಡುಗಳೇ ಇಲ್ಲ?

ಕೆಂಪುನೆಲ (ಆಲಿಸ್ ಸ್ಪ್ರಿಂಗ್ಸ್)

ನಿಮ್ಮ ತಂದೆಗೆ ನನ್ನ ನಮಸ್ಕಾರ ತಿಳಿಸಿ.

ಆ 36 ಗುಮ್ಮಟಗಳ ಕಥೆ ಗಂಡಸರಿಗೆ ಸೇರಿದ್ದು, ಹೊರಗಿನವರಿಗೆ ಹೇಳುವುದಿಲ್ಲ. ಅಲ್ಲಿ ಗಾಳಿ, ಕಲ್ಲು, ಗಿಡ ನೋಡಿ ಬರುವುದಷ್ಟೇ. ಕೆಲವರು ಇದನ್ನು ಕೇಳಿ ದುಡ್ಡು ದಂಡ ಎನ್ನುತ್ತಾರೆ. ನನಗೆ ಎರಡರಲ್ಲಿ ಕಾಟಾ ಜುಟಾವೇ ಇಷ್ಟ.

ಚಿಗುರು (ಬ್ರಿಸ್ಬೇನ್)

ತಡವಾಗಿ ನೋಡುತ್ತಿದ್ದೇನೆ. ನಮಗೆ ರಜೆ ಸಿಗುವುದು ಜನವರಿಯಲ್ಲಿ ಮಾತ್ರ. ಆಗ ಹೋಗಬಹುದಾ? ಕಾಟಾ ಜುಟಾದ ವ್ಯಾಲಿ ಆಫ್ ದಿ ವಿಂಡ್ಸ್ ಕಾಲುದಾರಿಯಲ್ಲಿ ನಡೆಯುವ ಆಸೆ.

ಕೋಡಿಕಲ್ (ಸಿಡ್ನಿ)

ಹೋಗಬಹುದು, ಆದರೆ ಬೆಳಕು ಹರಿಯುವಾಗ ದಾರಿಯಲ್ಲಿ ಇರಬೇಕು. ಆಗ 40 ಡಿಗ್ರಿ ದಾಟುವುದು ಮಾಮೂಲಿ. ಮುನ್ಸೂಚನೆ 36 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಬೆಳಿಗ್ಗೆ 11ಕ್ಕೆ ಆ ದಾರಿಯ 'ಕರು' ಎನ್ನುವ ನೋಟದ ಜಾಗದಿಂದ ಮುಂದೆ ಬಿಡುವುದಿಲ್ಲ, ಗೇಟು ಹಾಕುತ್ತಾರೆ. ಗೇಟಿನವರ ಹತ್ತಿರ ಜಗಳ ಆಡಿ ಪ್ರಯೋಜನ ಇಲ್ಲ ಮಾರಾಯ್ರೇ. ಒಬ್ಬೊಬ್ಬರಿಗೆ ಗಂಟೆಗೆ ಒಂದು ಲೀಟರ್ ಲೆಕ್ಕದಲ್ಲಿ ನೀರು ಇಟ್ಟುಕೊಳ್ಳಿ. ಮುಖಕ್ಕೆ ನೊಣದ ಬಲೆ ಯುಲಾರದ ಅಂಗಡಿಯಲ್ಲಿ ಸಿಗುತ್ತದೆ, ನಾಚಿಕೆ ಬಿಟ್ಟು ಹಾಕಿಕೊಳ್ಳಿ. ಆ ನೊಣಗಳಿಗೆ ಕನ್ನಡ ಬರುವುದಿಲ್ಲ, ಛೀ ಎಂದರೆ ಹೋಗುವುದಿಲ್ಲ.